ಕವಿಶಿಷ್ಯ ಪಂಜೆ ಮಂಗೇಶರಾಯರು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಗಳ ಯುವಕಯುವತಿಯರು ಉಪಾಧ್ಯಾಯವೃತ್ತಿಯನ್ನು ಕಲಿಯುತ್ತಾ ಹಳ್ಳಿಯ ಶಾಲೆಯಲ್ಲಿ ಅಭ್ಯಾಸಪಾಠಕ್ಕೆ ನಿಲ್ಲುವಾಗ, ಹಿಂದಿನ ಬೆಂಚಿನಲ್ಲಿ ಹಿರಿಯರೊಬ್ಬರು ಗುಣದೋಷಗಳನ್ನು ಬರೆಯುತ್ತಾ ಕುಳಿತಿರುವುದನ್ನು ಕಂಡು ಎದೆಗುಂದುವುದುಂಟು. ಕಲಿಯುವವರ ಕೈಗೆ ನಮ್ಮ ಮಕ್ಕಳನ್ನು ಏಕೆ ಒಪ್ಪಿಸಬೇಕೆಂದು ತಂದೆತಾಯಿಗಳು ಕೇಳುವುದೂ ಉಂಟು. ಇವರಿಬ್ಬರ ಹಿತಕ್ಕಾಗಿ ಪಂಜೆ ಮಂಗೇಶರಾಯರ ಜೀವಿತವನ್ನು ಸಂಕ್ಷೇಪವಾಗಿ ವಿವರಿಸುತ್ತೇವೆ.

ಮಂಗೇಶರಾಯರು 1874ನೆಯ ಫೆಬ್ರವರಿ 22ರಂದು ನೇತ್ರಾವತೀ ತೀರದ ಬಂಟವಾಳದಲ್ಲಿ ಜನಿಸಿದರು. ಆ ಸೀಮೆಯು ಆಗ ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಅವರ ಮನೆಯ ಮಾತು ಕೊಂಕಣಿ, ಊರಿನ ಮಾತು ತುಳು, ಶಾಲೆಯ ಭಾಷೆ ಕನ್ನಡ. ಮನೆಯಲ್ಲಿ ತೆಲುಗನ್ನಾಡಿ ಶಾಲೆಯಲ್ಲಿ ಕನ್ನಡವನ್ನು ಓದುವ ನಮ್ಮ ಮಕ್ಕಳ ಕಷ್ಟವು ಅವರಿಗೆ ಚಿಕ್ಕಂದಿನಿಂದಲೇ ತಿಳಿದಿತ್ತೆನ್ನಬಹುದು. ಬಡತನದಲ್ಲಿಯೂ ವಿದ್ಯೆಯನ್ನು ಬಿಡದೆ ಅವರು ಮಂಗಳೂರಿನ ಸರಕಾರೀ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು, ಬಿ.ಎ. ಪದವಿಯನ್ನೂ ಉಪಾಧ್ಯಾಯರಿಗೆ ಮೀಸಲಾದ ಎಲ್.ಟಿ. ಪದವಿಯನ್ನೂ ಪಡೆದರು.

ಮದರಾಸು ವಿಶ್ವವಿದ್ಯಾನಿಲಯವು ಕೊಡುತ್ತಿದ್ದ ಈ ಎಲ್.ಟಿ. ಪದವಿಗೆ ಬರಹದ ಪರೀಕ್ಷೆಯೊಂದೇ ಸಾಲದಾಗಿತ್ತು. ಅಭ್ಯರ್ಥಿಯು ತರಗತಿಯಲ್ಲಿ ನಿಂತು, ಪರೀಕ್ಷಕರು ನೋಡುತ್ತಿರುವಾಗಲೇ ಪಾಠಮಾಡಿ ತೋರಿಸಬೇಕಾಗಿತ್ತು. ಬಹಳ ಓದಿದವರಿಗೂ ಇದು ಕಠಿಣವೇ ಸರಿ. ಉತ್ತರಗಳೆಲ್ಲ ಮುಂದಿನ ಸಾಲಿನಿಂದಲೇ ಬರುತ್ತಿವೆಯೋ, ಮೂಲೆಯ ಮಗುವು ಯಾವಾಗ ಆಲಿಸುವುದನ್ನು ಬಿಟ್ಟಿತೋ, ಇವು ಪಾಠಹೇಳುವವನಿಗಿಂತ ಹಿಂದೆ ಕುಳಿತವರಿಗೆ ಮೊದಲು ಕಾಣುತ್ತವೆ. ಅವರು ಅದನ್ನು ತಿಳಿಸಿದರೆ ಮರುದಿನದ ಪಾಠವು ತಿದ್ದಲ್ಪಡುವುದು.

ಹೀಗೆ ನೋಡಲ್ಪಟ್ಟವರು ಮುಂದೆ ನೋಡುವವರಾದರು. ರಾಯರು ಶಾಲೆಗಳ ತನಿಖಾಧಿಕಾರಿಗಳಾಗಿಯೂ ಮಂಗಳೂರಿನ ಉಪಾಧ್ಯಾಯರ ತರಬೇತಿ ಶಾಲೆಯಲ್ಲಿ ಶಿಕ್ಷಕರಾಗಿಯೂ ಸೇವೆಮಾಡಿದರು. ಮಕ್ಕಳಿಗೆ ರುಚಿಸುವ ಪಾಠಗಳು ಆಗ ವಿರಳವಾಗಿದ್ದುದರಿಂದ, ತಾವೇ ಪದ್ಯಗಳನ್ನೂ ಕಥೆಗಳನ್ನೂ ರಚಿಸಿದರು. ಮಂಗಳೂರಿನ ಬಾಸೆಲ್ ಮಿಶನ್ನಿನವರ ಪದ್ಯಪುಸ್ತಕಗಳ ಮೂಲಕ ಇವು ಶಾಲೆಗಳನ್ನು ಸೇರಿದವು. ನಾಗರಹಾವಿನ ಪದ್ಯವನ್ನು ಮಕ್ಕಳು ಕೈಯಲ್ಲಿ ಹೆಡೆಯನ್ನು ಮಾಡಿ ಹಾಡುವುದನ್ನು ನೋಡಿದವರಿಗೆ, ಅದು ತರಗತಿಯನ್ನು ಚೆನ್ನಾಗಿ ಬಲ್ಲವರ ರಚನೆಯೆಂದು ತಿಳಿಯದಿರದು. ಇಲಿಗಳ ಕಥೆ, ಮೂರು ಕರಡಿಗಳ ಕಥೆ ಮುಂತಾದ ಪರದೇಶದ ಕಥೆಗಳನ್ನೂ ಅವರು ಕನ್ನಡದ ಮಕ್ಕಳ ನಾಲಗೆಗೆ ಒಗ್ಗಿಸಿದರು.

1921ರಲ್ಲಿ ರಾಯರು ಮಡಿಕೇರಿಯ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ ಹೋದರು. ಕೊಡಗಿನ ಸುಗ್ಗಿಯ ಹಬ್ಬವನ್ನು ಕುರಿತು ಹುತ್ತರಿ ಹಾಡನ್ನು ಬರೆದರು. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1937ನೆಯ ಅಕ್ಟೋಬರ್ ತಿಂಗಳಿನಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು. ಇಷ್ಟು ಮಾನ್ಯತೆ ಬಂದರೂ ಅವರು ಬರಹಗಳಿಗೆ ಇಟ್ಟುಕೊಂಡ ಹೆಸರು ಕವಿಶಿಷ್ಯನೆಂಬುದು. ಗುರುಗಳಿಗೆ ಗುರುವಾದವರು ತಮ್ಮನ್ನು ಶಿಷ್ಯನೆಂದೇ ಕರೆದುಕೊಂಡರು.

ವಾಚಕರೇ, 2014ರ ರಾಷ್ಟ್ರೀಯ ನಿಯಮಾವಳಿಯು ಎರಡು ವರ್ಷದ ಬಿ.ಎಡ್. ವ್ಯಾಸಂಗದಲ್ಲಿ 20 ವಾರಗಳನ್ನು ಶಾಲೆಯಲ್ಲಿಯೇ ಕಳೆಯಬೇಕೆಂದು ಗೊತ್ತುಮಾಡಿತು. ಈ ವಾರಗಳಲ್ಲಿ ನಿಮ್ಮೂರ ಶಾಲೆಗೆ ಬರುವ ಹೊಸಬರು ಮೊದಲ ದಿನ ತಡವರಿಸಿದರೆ ನಗಬೇಡಿರಿ. ಅನುಭವಸ್ಥರ ಕಣ್ಣು ತರಗತಿಯ ಮೇಲಿರುವುದರಿಂದ ನಿಮ್ಮ ಮಕ್ಕಳಿಗೆ ನಷ್ಟವಾಗುವುದೆಂದು ಅಂಜಬೇಕಾಗಿಲ್ಲ. ಕಲಿಯುವ ಯುವಜನರೇ, ಹಿಂದಿನ ಬೆಂಚಿನಲ್ಲಿರುವವರನ್ನು ವೈರಿಗಳೆಂದು ಎಣಿಸದೆ, ಅವರು ಬರೆದದ್ದನ್ನು ಆ ಸಾಯಂಕಾಲವೇ ಕೇಳಿ ತಿಳಿದುಕೊಳ್ಳಿರಿ.