ಶಾಲಾ ಮಾಸ್ತರರಾಗಿದ್ದ ಫುಟ್‌ಬಾಲ್ ತರಬೇತುದಾರ: ಸೈಯದ್ ಅಬ್ದುಲ್ ರಹೀಂ



ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಸಹಾಯಕ ತರಬೇತುದಾರರು ಬೇಕಾದಾಗ ನಾವು ಮೊದಲು ಏನು ಕೇಳುತ್ತೇವೆ? ಇವರು ಎಷ್ಟು ಗೋಲು ಹೊಡೆದಿದ್ದಾರೆ, ಯಾವ ತಂಡದಲ್ಲಿ ಆಡಿದ್ದಾರೆ ಎಂದು ಕೇಳುತ್ತೇವೆ. ಇವರಿಗೆ ಕಲಿಸಲು ಬರುತ್ತದೆಯೇ ಎಂದು ಕೇಳುವುದು ಕಡಿಮೆ. ಈ ಎರಡನೆಯ ಪ್ರಶ್ನೆಯೇ ದೊಡ್ಡದು ಎಂದು ತಮ್ಮ ಬದುಕಿನಿಂದ ತೋರಿಸಿದ ಒಬ್ಬ ಶಿಕ್ಷಕರನ್ನು ತಮಗೆ ಪರಿಚಯಿಸುವುದು ಈ ಲೇಖನದ ಉದ್ದೇಶ. ಅವರೇ ಸೈಯದ್ ಅಬ್ದುಲ್ ರಹೀಂ. ಆಟಗಾರರಿಗೆಲ್ಲ ಅವರು ರಹೀಂ ಸಾಹೇಬರು.

ರಹೀಂ ಸಾಹೇಬರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಪದವಿ ಪಡೆದರು, ಅಲ್ಲಿಯ ತಂಡದಲ್ಲಿ ಫುಟ್‌ಬಾಲ್ ಆಡಿದರು. ಆದರೆ ಹೊಟ್ಟೆಪಾಡಿಗೆ ಅವರು ಆರಿಸಿಕೊಂಡದ್ದು ಶಿಕ್ಷಕ ವೃತ್ತಿ. ಕಾಚಿಗುಡ ಮಿಡ್ಲ್ ಸ್ಕೂಲ್, ಉರ್ದು ಶರೀಫ್ ಶಾಲೆ, ದಾರುಲ್ ಉಲೂಮ್ ಹೈಸ್ಕೂಲ್, ಚಾದರ್‌ಘಾಟ್ ಹೈಸ್ಕೂಲ್ ಹೀಗೆ ಹಲವು ಶಾಲೆಗಳಲ್ಲಿ ಪಾಠ ಹೇಳಿದರು. ಅಷ್ಟಕ್ಕೇ ನಿಲ್ಲದೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು ಶಾಲೆಯ ಕ್ರೀಡಾ ಚಟುವಟಿಕೆಗಳ ಹೊಣೆಯನ್ನೂ ಹೊತ್ತರು. ಇದನ್ನು ಗಮನಿಸಿರಿ: ಆಟ ಬಲ್ಲವರಾಗಿದ್ದರೂ, ಆಟ ಕಲಿಸುವುದು ಬೇರೆಯೇ ಒಂದು ವಿದ್ಯೆ ಎಂದು ತಿಳಿದು ಅದನ್ನೂ ಕ್ರಮವಾಗಿ ಕಲಿತರು.

1943ರಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿ ಅವರ ಕೈಗೆ ಬಂತು. ಆ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. ಇದು ಹೇಗೆ ಸಾಧ್ಯವಾಯಿತು? ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವ ಹಳೆಯ ಚಾಳಿ ಬಿಡಿಸಿ, ಒಂದೆರಡು ಸ್ಪರ್ಶದಲ್ಲೇ ಜೊತೆಗಾರನಿಗೆ ದಾಟಿಸುವುದನ್ನು ರೂಢಿಸಿದರು. ಬಲಗಾಲಿನವರು ಎಡಗಾಲಿನಿಂದಲೇ, ಎಡಗಾಲಿನವರು ಬಲಗಾಲಿನಿಂದಲೇ ಆಡಬೇಕಾದ ಪಂದ್ಯಗಳನ್ನು ಏರ್ಪಡಿಸಿದರು. ದುರ್ಬಲ ವಿಷಯಕ್ಕೆ ಹೆಚ್ಚು ಅಭ್ಯಾಸ ಕೊಡುವ ಶಾಲಾ ಮಾಸ್ತರರ ಪದ್ಧತಿಯಲ್ಲವೇ ಇದು?

ರಾಷ್ಟ್ರೀಯ ತಂಡದ ತರಬೇತುದಾರರಾಗಿ ಅವರು 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ತಂದರು. ಫೈನಲ್‌ನಲ್ಲಿ ಇರಾನ್ ತಂಡವನ್ನು 1-0ಯಿಂದ ಸೋಲಿಸಲಾಯಿತು. ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಆ ತಂಡದಲ್ಲಿದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಎದುರು 10-1ರ ಘೋರ ಸೋಲು. ಆ ಒಂದು ಗೋಲು ಹೊಡೆದವರು ಇದೇ ಅಹ್ಮದ್ ಖಾನ್. ನಮ್ಮವರು ಬಹುಮಂದಿ ಬರಿಗಾಲಲ್ಲಿ ಆಡಿದ್ದರು. ಈ ಸೋಲಿನ ಬಳಿಕ ಬೂಟು ಕಡ್ಡಾಯವಾಯಿತು. ರಹೀಂ ಸಾಹೇಬರು ಕೂಡ ಹಿಂಜರಿಯದೆ ಆಟದ ವಿನ್ಯಾಸವನ್ನೇ ಬದಲಿಸಿದರು.

ಫಲ ಸಿಕ್ಕಿದ್ದು 1956ರಲ್ಲಿ. ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ಏಷ್ಯಾದ ಯಾವ ತಂಡವೂ ಅಲ್ಲಿಯವರೆಗೆ ಅಷ್ಟು ದೂರ ಹೋಗಿರಲಿಲ್ಲ. ಕೊನೆಗೆ ನಾಲ್ಕನೆಯ ಸ್ಥಾನ ದೊರೆಯಿತು. ಬೆಂಗಳೂರಿನ ಕೆಂಪಯ್ಯ ಆ ತಂಡದ ಸದಸ್ಯರು.

1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ವೇಳೆಗೆ ಕ್ಯಾನ್ಸರ್ ಅವರ ದೇಹವನ್ನು ಹೊಕ್ಕಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯ ಎದುರು 2-0 ಸೋಲು. ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದವು. ರಹೀಂ ಸಾಹೇಬರು ಸೆಮಿಫೈನಲ್‌ನಲ್ಲಿ ಅವರನ್ನು ಮುಂಚೂಣಿಗೆ ಕಳಿಸಿದರು. ಅವರು ಅಲ್ಲಿಯೂ ಗೋಲು ಹೊಡೆದರು, ಫೈನಲ್‌ನಲ್ಲಿಯೂ ಹೊಡೆದರು. ಸೆಪ್ಟೆಂಬರ್ 4ರಂದು ಅದೇ ದಕ್ಷಿಣ ಕೊರಿಯವನ್ನು 2-1ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. ಮತ್ತೊಂದು ಗೋಲು ಪಿ.ಕೆ. ಬ್ಯಾನರ್ಜಿ ಅವರದು. 1963ರ ಜೂನ್ 11ರಂದು ರಹೀಂ ಸಾಹೇಬರು ತೀರಿಕೊಂಡರು. ಆಗ ಅವರಿಗೆ 53 ವರ್ಷ. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಭಾರತಕ್ಕೆ ಮತ್ತೆ ದೊರೆತಿಲ್ಲ.

ಹಾಗಾದರೆ ಅವರ ವಿದ್ಯೆ ಅವರೊಂದಿಗೇ ಮಣ್ಣಾಯಿತೇ? ಪೂರ್ತಿ ಇಲ್ಲ. ಉಸ್ತಾದರ ಪಾಠವನ್ನು ಶಾಗಿರ್ದರು ಮುಂದಕ್ಕೆ ಒಯ್ದರು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಕಂಚು ಗೆದ್ದಾಗ ತರಬೇತಿಯ ಹೊಣೆ ಹೊತ್ತವರು ಪಿ.ಕೆ. ಬ್ಯಾನರ್ಜಿ ಮತ್ತು ಜಿ.ಎಂ.ಎಚ್. ಬಾಷಾ. ಆ ತಂಡದ ನಾಯಕ ಸೈಯದ್ ನಯೀಮುದ್ದೀನ್ ಹೈದರಾಬಾದ್ ಸಿಟಿ ಪೊಲೀಸ್ ತಂಡದಲ್ಲಿ ಬೆಳೆದವರು. ಮುಂದೆ ತಾವೂ ತರಬೇತುದಾರರಾಗಿ 1990ರ ದ್ರೋಣಾಚಾರ್ಯ ಪ್ರಶಸ್ತಿ ಪಡೆದರು. ರಹೀಂ ಸಾಹೇಬರ ಮಗ ಸೈಯದ್ ಶಾಹಿದ್ ಹಕೀಂ ಅವರ ಕಥೆ ಇನ್ನೂ ಸ್ವಾರಸ್ಯಕರ. 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದರೂ ಅವರಿಗೆ ಒಂದು ಪಂದ್ಯವೂ ಸಿಗಲಿಲ್ಲ. ಆದರೆ 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಅವರೇ ಪಿ.ಕೆ. ಬ್ಯಾನರ್ಜಿ ಅವರಿಗೆ ಸಹಾಯಕ ತರಬೇತುದಾರರು. ಮುಂದೆ ಮುಖ್ಯ ತರಬೇತುದಾರರೂ ಆದರು. ಹಕೀಂ ಅವರು 2021ರಲ್ಲಿ ನಮ್ಮ ಕಲಬುರಗಿಯಲ್ಲಿ ಕಣ್ಮುಚ್ಚಿದರು.

ಓದುಗರೇ, ಇಲ್ಲಿ ನಮ್ಮ ವಿಷಯಕ್ಕೆ ಬರೋಣ. ಅಳ್ನಾವರ, ಹಳಿಯಾಳ, ಧಾರವಾಡದ ಕಡೆಯ ಕಾಲೇಜುಗಳಲ್ಲಿ ಒಬ್ಬರೇ ದೈಹಿಕ ಶಿಕ್ಷಣ ನಿರ್ದೇಶಕರು ಕಬಡ್ಡಿ, ವಾಲಿಬಾಲ್, ಫುಟ್‌ಬಾಲ್ ಎಲ್ಲವನ್ನೂ ನೋಡಿಕೊಳ್ಳುವುದು ಸಾಮಾನ್ಯ. ಅವರಿಗೆ ಕೈಜೋಡಿಸುವ ಸಹಾಯಕರು ಬೇಕೇ ಬೇಕು. ಆಯ್ಕೆ ಮಾಡುವಾಗ ಮೂರು ಮಾತು ನೆನಪಿರಲಿ. ಒಂದು, ಕಪಾಟಿನಲ್ಲಿ ಕಪ್ ಎಷ್ಟಿವೆ ಎಂದು ಎಣಿಸುವ ಬದಲು, ಹತ್ತು ಹುಡುಗರನ್ನು ಕೊಟ್ಟು ಅರ್ಧ ಗಂಟೆ ಕಲಿಸಲು ಹೇಳಿ ನೋಡಬೇಕು. ಎರಡು, ಮುಖ್ಯ ತರಬೇತುದಾರರಿಗೆ ಬಾರದ್ದು ಸಹಾಯಕರಿಗೆ ಬರಬೇಕು. ಒಬ್ಬರು ದಾಳಿ ಬಲ್ಲವರಾದರೆ ಇನ್ನೊಬ್ಬರು ಗೋಲ್‌ಕೀಪರನನ್ನು ತಿದ್ದಬಲ್ಲವರಿರಲಿ. ಮೂರು, ನಾಳೆ ಹಿರಿಯರು ಇಲ್ಲವಾದರೆ ತಂಡವನ್ನು ನಡೆಸುವವರು ಇವರೇ ಎಂದು ತಿಳಿದೇ ಆರಿಸಬೇಕು.

ವಿದ್ಯಾರ್ಥಿಗಳೇ, ತಂಡದಲ್ಲಿ ಸ್ಥಾನ ಸಿಗಲಿಲ್ಲವೆಂದು ಮೈದಾನ ಬಿಡಬೇಡಿರಿ. ಬಿ.ಪಿ.ಎಡ್. ಇದೆ, 1961ರಲ್ಲಿ ಸ್ಥಾಪನೆಯಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತಿ ಡಿಪ್ಲೊಮಾ ಇದೆ, ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ತರಬೇತುದಾರರ ಲೈಸೆನ್ಸ್ ಶಿಬಿರಗಳಿವೆ. ರಹೀಂ ಸಾಹೇಬರ ಜೀವನವನ್ನಾಧರಿಸಿದ ಹಿಂದಿ ಚಲನಚಿತ್ರ 2024ರಲ್ಲಿ ತೆರೆಕಂಡಿತು. ಅದನ್ನು ನೋಡಿದವರು ತಮ್ಮಲ್ಲೂ ಇರಬಹುದು. ಆದರೆ ಅವರಿಗೆ ಸಲ್ಲಬೇಕಾದ ನಿಜವಾದ ಗೌರವ ಬೇರೆ. ತಾವು ಕಲಿತದ್ದನ್ನು ಇನ್ನೊಬ್ಬರಿಗೆ ಕಲಿಸಿರಿ. ಅವರು ಮತ್ತೊಬ್ಬರಿಗೆ ಕಲಿಸುವಂತೆ ಕಲಿಸಿರಿ.