ಮನೆಬಳಕೆಯ ವಸ್ತುವಿಗೆ ಮಾನ ತಂದ ಮಂಗಳೂರಿನ ಮಗಳು

ಹೊಟ್ಟೆಪಾಡಿಗಾಗಿ ಊರು ಬಿಟ್ಟು ರಾಯಪುರಂ ಸೇರಿದ ನಮ್ಮ ಬಾಂಧವರಲ್ಲಿ ದಕ್ಷಿಣ ಕನ್ನಡದವರು ಅನೇಕರು. ಆ ಜಿಲ್ಲೆಯ ಮಂಗಳೂರಿನಲ್ಲಿ 1903ನೆಯ ಇಸವಿ ಏಪ್ರಿಲ್ 3ರಂದು ಜನಿಸಿದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರ ಜೀವನವನ್ನು ವಾಚಕರ ಮುಂದಿಡಲು ಹರ್ಷಿಸುತ್ತೇವೆ.

ಬಾಲ್ಯದಲ್ಲಿಯೇ ಅವರು ತಂದೆಯನ್ನು ಕಳೆದುಕೊಂಡರು. ಹದಿನಾಲ್ಕನೆಯ ವಯಸ್ಸಿಗೆ ವಿವಾಹ. ಎರಡು ವರ್ಷಗಳೊಳಗೆ ವೈಧವ್ಯ. ಹೆಣ್ಣಿನ ಬಾಳು ಅಲ್ಲಿಗೇ ಮುಗಿಯಿತೆಂದು ಜನ ತಿಳಿಯುತ್ತಿದ್ದ ಕಾಲವದು. ಕಮಲಾದೇವಿಯವರು ಮದ್ರಾಸಿಗೆ ಬಂದು, ಮರೀನಾ ಕಡಲ ತಡಿಯ ಕ್ವೀನ್ ಮೇರಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ವರಿಸಿದರು. 1926ರಲ್ಲಿ ಮದ್ರಾಸು ಶಾಸನಸಭೆಯ ಚುನಾವಣೆಗೆ ನಿಂತು ಅಲ್ಪ ಮತಗಳಿಂದ ಸೋತರು.

1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸ್ತ್ರೀಯರಿಗೂ ಸ್ಥಾನ ದೊರೆಯಬೇಕೆಂದು ಗಾಂಧೀಜಿಯವರನ್ನು ಒಪ್ಪಿಸಿದವರಲ್ಲಿ ಇವರೊಬ್ಬರು. ಬೊಂಬಾಯಿಯಲ್ಲಿ ಕಾನೂನು ಮುರಿದು ಮಾಡಿದ ಉಪ್ಪನ್ನು ಪೊಟ್ಟಣ ಕಟ್ಟಿ, ಷೇರು ಪೇಟೆಯೊಳಗೇ ನುಗ್ಗಿ ಮಾರಿದರು, ಸೆರೆಮನೆ ಸೇರಿದರು. ಅಡಿಗೆಮನೆಯ ಹಿಡಿ ಉಪ್ಪು ಚಳವಳಿಗೆ ಹಣವನ್ನೂ ತಂದಿತು. ಕೊಂಡವನನ್ನು ಹೋರಾಟದಲ್ಲಿ ಪಾಲುದಾರನನ್ನಾಗಿಯೂ ಮಾಡಿತು.

ದೇಶ ವಿಭಜನೆಯಾದಾಗ ವಾಯವ್ಯ ಸರಹದ್ದು ಪ್ರಾಂತದಿಂದ ನಿರಾಶ್ರಿತರು ಸಹಸ್ರ ಸಹಸ್ರವಾಗಿ ಬಂದರು. ಅವರಿಗೆ ಬೇಕಾದದ್ದು ಭಿಕ್ಷೆಯಲ್ಲ, ಕೆಲಸವೆಂದು ಕಮಲಾದೇವಿಯವರು ಕಂಡುಕೊಂಡರು. 1948ರಲ್ಲಿ ಭಾರತೀಯ ಸಹಕಾರ ಸಂಘವನ್ನು ಸ್ಥಾಪಿಸಿ, ದಿಲ್ಲಿಯ ಸಮೀಪದ ಫರೀದಾಬಾದಿನಲ್ಲಿ ನಿರಾಶ್ರಿತರು ತಮ್ಮ ಕೈಯಿಂದಲೇ ಊರು ಕಟ್ಟುವಂತೆ ಮಾಡಿದರು. ದಿಲ್ಲಿಯ ಗುಡಿ ಕೈಗಾರಿಕೆಗಳ ಮಳಿಗೆಯನ್ನು ಈ ಸಂಘವು ವಹಿಸಿಕೊಂಡು ಬೆಳೆಸಿತು. 1952ರಲ್ಲಿ ಹುಟ್ಟಿದ ಅಖಿಲ ಭಾರತ ಕರಕುಶಲ ಮಂಡಲಿಗೆ ಅವರೇ ಅಧ್ಯಕ್ಷೆಯಾದರು. ಚಾಪೆ, ಮಡಕೆ, ಹಾಸು, ಪರದೆಗಳನ್ನು ಮಾಡುವ ಕುಶಲಿಗಳನ್ನು ಊರೂರು ಅಲೆದು ಹುಡುಕಿದರು. 1964ರಲ್ಲಿ ಅವರ ಪ್ರೇರಣೆಯಿಂದ ಭಾರತ ಕರಕುಶಲ ಪರಿಷತ್ತು ಹುಟ್ಟಿದ್ದು ನಾವಿರುವ ಈ ಮದ್ರಾಸಿನಲ್ಲಿಯೇ. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. 1988ರ ಅಕ್ಟೋಬರ್ 29ರಂದು ಅವರು ಕಾಲವಾದರು.

ಅವರ ಜೀವನದಿಂದ ನಾವು ಕಲಿಯಬೇಕಾದದ್ದೊಂದಿದೆ. ಕನಿಕರದಿಂದ ಕೊಂಡ ವಸ್ತು ಒಮ್ಮೆ ಮಾತ್ರ ಮಾರಾಟವಾಗುತ್ತದೆ. ಚೆನ್ನಾಗಿರುವ ವಸ್ತುವಿಗೆ ಗಿರಾಕಿ ಮರಳಿ ಬರುತ್ತಾನೆ. ಅಡಿಗೆಭಟ್ಟರ ಬಡತನವನ್ನು ನೋಡಿ ಯಾರೂ ಎರಡನೆಯ ಸಲ ಊಟಕ್ಕೆ ಬರುವುದಿಲ್ಲವೆಂಬುದನ್ನು ಹೋಟೆಲು ನಡೆಸಿದ ನಾವು ಬಲ್ಲೆವು. ಆದ್ದರಿಂದಲೇ ಅವರು ಕುಶಲಿಗಳಿಗೆ ದಾನವನ್ನಲ್ಲ, ಮಾರುಕಟ್ಟೆಯನ್ನೂ ಮರ್ಯಾದೆಯನ್ನೂ ಒದಗಿಸಿದರು.

ಊರಿಗೆ ಒಯ್ಯಲು ಚಾಪೆಯನ್ನೋ ಬುಟ್ಟಿಯನ್ನೋ ಕೊಳ್ಳುವ ನಮ್ಮ ವಾಚಕರು ವಸ್ತುವನ್ನು ಚೆನ್ನಾಗಿ ಪರೀಕ್ಷಿಸಿಯೇ ಕೊಳ್ಳಲಿ. ಆದರೆ ಅದನ್ನು ಮಾಡಿದ ಕೈಗೆ ಸಲ್ಲಬೇಕಾದ ಕೂಲಿಯಲ್ಲಿ ಚೌಕಾಶಿ ಮಾಡದಿರಲಿ. ನಾವೂ ಕೈಕೆಲಸದಿಂದಲೇ ಅನ್ನ ಉಣ್ಣುವವರಲ್ಲವೇ?