ಬಿರುಗಾಳಿಯಲ್ಲೂ ಹೆದರದವರು

ಜಾನ್ ವೆಸ್ಲಿ 1703ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ಪಾದ್ರಿಯಾದರೂ ಅವರಿಗೆ ಸಾವೆಂದರೆ ಬಹಳ ಭಯ. 1736ರ ಜನವರಿಯಲ್ಲಿ ಹಡಗಿನಲ್ಲಿ ಅಮೆರಿಕಕ್ಕೆ ಹೋಗುವಾಗ ಬಿರುಗಾಳಿ ಎದ್ದಿತು. ಹಾಯಿ ಹರಿಯಿತು, ನೀರು ಒಳಗೆ ನುಗ್ಗಿತು. ಇಂಗ್ಲಿಷರು ಚೀರಾಡಿದರು. ಆದರೆ ಅದೇ ಹಡಗಿನಲ್ಲಿ ಪ್ರಾರ್ಥನೆಗೆ ಕೂತಿದ್ದ ಮೊರೇವಿಯನ್ ಪಂಥದ ಜರ್ಮನ್ ಕ್ರೈಸ್ತರು ಹಾಡು ನಿಲ್ಲಿಸಲೇ ಇಲ್ಲ. ಹೆಂಗಸರು, ಮಕ್ಕಳೂ ಹೆದರಲಿಲ್ವಾ ಅಂತ ವೆಸ್ಲಿ ಆಮೇಲೆ ಕೇಳಿದರು. ಇಲ್ಲ ಅಂದರಂತೆ. ನನಗೆ ಗುಡುಗಿದರೇ ಎದೆ ಡವಡವ ಅನ್ನುತ್ತೆ, ಆ ಮಕ್ಕಳು ಎಂಥವರಪ್ಪಾ!

1738ರಲ್ಲಿ ಇಂಗ್ಲೆಂಡಿಗೆ ವಾಪಸ್ ಬಂದಾಗ ಅವರಿಗೆ ಪೀಟರ್ ಬೋಲರ್ ಎಂಬ ಮೊರೇವಿಯನ್ ಗೆಳೆಯ ಸಿಕ್ಕಿದರು. ವಯಸ್ಸಿನಲ್ಲಿ ಒಂಬತ್ತು ವರ್ಷ ಚಿಕ್ಕವರು. ತನಗೇ ನಂಬಿಕೆ ಸಾಲದು, ಬೋಧನೆ ಬಿಡಲೇ ಎಂದು ವೆಸ್ಲಿ ಕೊರಗಿದಾಗ, ಬಿಡಬೇಡಿ ಎಂದು ಧೈರ್ಯ ತುಂಬಿದರು. ಅದೇ ವರ್ಷ ಮೇ 24ರ ಸಂಜೆ ಲಂಡನ್ನಿನ ಒಂದು ಪ್ರಾರ್ಥನಾ ಕೂಟದಲ್ಲಿ ವೆಸ್ಲಿಗೆ ಯೇಸುವಿನಲ್ಲಿ ಗಟ್ಟಿ ನಂಬಿಕೆ ಬಂತು. ಮುಂದೆ ಬಯಲಲ್ಲಿ ಬೋಧಿಸುವಾಗ ಜನ ಕಲ್ಲು ಹೊಡೆದರೂ ಅವರು ಓಡಲಿಲ್ಲ. 87 ವರ್ಷ ಬಾಳಿ 1791ರಲ್ಲಿ ತೀರಿಕೊಂಡರು.